ನಿಮ್ಮ ಮನೆಯ ವೋಟು, ಕೌಂಟಿಯ ಮಕ್ಕಳು



ಇವತ್ತಿನ ಮಾತು ಅಮೆರಿಕದಲ್ಲೇ ಹುಟ್ಟಿ ಬೆಳೆದ, ಅಥವಾ ತುಂಬ ಚಿಕ್ಕವರಿದ್ದಾಗ ಅಪ್ಪ ಅಮ್ಮನ ಜೊತೆ ಇಲ್ಲಿಗೆ ಬಂದ ನಿಮಗಾಗಿ. ವಿಷಯ ಕೌಂಟಿ. ಹೆಸರು ಕೇಳಿದ ಕೂಡಲೇ ಆಕಳಿಕೆ ಬಂದರೆ ತಪ್ಪೇನಿಲ್ಲ. ನಮ್ಮ ಮನೆಗಳಲ್ಲಿ ಊಟದ ಹೊತ್ತಿಗೆ ವಾಷಿಂಗ್ಟನ್ ಡಿ.ಸಿ.ಯ ಸುದ್ದಿ ಬರುತ್ತದೆ, ಬೆಂಗಳೂರಿನ ಸುದ್ದಿ ಬರುತ್ತದೆ, ಕೌಂಟಿಯ ಸುದ್ದಿ ಮಾತ್ರ ಬರುವುದೇ ಇಲ್ಲ. ಆದರೆ ನಿಮ್ಮ ಬೀದಿಯಲ್ಲಿ ಹುಟ್ಟುವ ಒಂದು ಮಗುವಿಗೆ ಮಾತು ಬರುವುದು ತಡವಾದರೆ, ಅದರ ಮನೆಯಲ್ಲಿ ಪೆಟ್ಟು ಬೀಳುತ್ತಿದ್ದರೆ, ಹೈಸ್ಕೂಲಿಗೆ ಬಂದ ಮೇಲೆ ಅದಕ್ಕೆ ಬದುಕೇ ಬೇಡವೆನ್ನಿಸಿದರೆ, ಆಗ ಹಣವನ್ನೋ ಮನುಷ್ಯರನ್ನೋ ಕಳಿಸುವವರಲ್ಲಿ ಕೌಂಟಿಯೂ ಇರುತ್ತದೆ. ಆ ಹಣದಲ್ಲಿ ಒಂದು ಪಾಲು ನಿಮ್ಮ ಮನೆಯಿಂದ ಹೋಗಿರುತ್ತದೆ. ಅದಕ್ಕೆ ಹೌದು ಅಥವಾ ಬೇಡ ಎಂದು ಹೇಳುವ ಹಕ್ಕು ನಿಮ್ಮ ಮನೆಯಲ್ಲಿ ಬಹುಶಃ ನಿಮಗೊಬ್ಬರಿಗೇ ಇರಬಹುದು. ಅದಕ್ಕೇ ಈ ಮಾತು.

ಮೊದಲು, ಕೌಂಟಿ ಎಂದರೇನು? ಊರಿನ ಅಜ್ಜಿಗೆ ವಿವರಿಸಬೇಕಾದರೆ "ಜಿಲ್ಲೆ ಇದ್ದ ಹಾಗೆ" ಅನ್ನಿ, ಅರ್ಧ ಸರಿಯಾಗುತ್ತದೆ. ರಾಜ್ಯಕ್ಕಿಂತ ಚಿಕ್ಕದು, ಊರಿಗಿಂತ ದೊಡ್ಡದು. ಉಳಿದರ್ಧಕ್ಕೆ ಒಂದು ವ್ಯತ್ಯಾಸ ಹೇಳಬೇಕು. ಕರ್ನಾಟಕದಲ್ಲಿ ಜಿಲ್ಲಾಧಿಕಾರಿಯನ್ನು ಸರ್ಕಾರ ನೇಮಿಸುತ್ತದೆ, ಜನ ಆರಿಸುವುದಿಲ್ಲ. ಇಲ್ಲಿ ಕೌಂಟಿಯನ್ನು ನಡೆಸುವ ಮಂಡಳಿಯನ್ನು ಜನರೇ ಆರಿಸುತ್ತಾರೆ. ಅಮೆರಿಕದಲ್ಲಿ ಮೂರು ಸಾವಿರಕ್ಕಿಂತ ಹೆಚ್ಚು ಕೌಂಟಿಗಳಿವೆ. ಲೂಸಿಯಾನಾದಲ್ಲಿ ಅದನ್ನೇ ಪ್ಯಾರಿಷ್ ಅನ್ನುತ್ತಾರೆ, ಅಲಾಸ್ಕಾದಲ್ಲಿ ಬರೋ. ಕನೆಕ್ಟಿಕಟ್ ಮತ್ತು ರೋಡ್ ಐಲೆಂಡ್ ರಾಜ್ಯಗಳಲ್ಲಿ ಕೌಂಟಿ ಸರ್ಕಾರವೇ ಇಲ್ಲ. ಅಧಿಕಾರ ಕೂಡ ಎಲ್ಲ ಕಡೆ ಒಂದೇ ಅಲ್ಲ. ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲಿ ಮಕ್ಕಳ ರಕ್ಷಣೆಯ ಸೋಷಿಯಲ್ ವರ್ಕರ್‌ಗಳು ಕೌಂಟಿಯ ನೌಕರರು. ವಾಷಿಂಗ್ಟನ್ ರಾಜ್ಯದಲ್ಲಿ ಅವರು ರಾಜ್ಯ ಸರ್ಕಾರದ ನೌಕರರು.

ಎಲ್ಲ ಕೌಂಟಿಗಳ ಕಥೆ ಹೇಳಲು ಸಮಯ ಸಾಲದು. ಆದ್ದರಿಂದ ಒಂದನ್ನೇ ತೆಗೆದುಕೊಳ್ಳೋಣ: ಸಿಯಾಟಲ್ ಇರುವ ಕಿಂಗ್ ಕೌಂಟಿ. ರೆಡ್ಮಂಡ್, ಬೆಲ್‌ವ್ಯೂ, ಸಮಾಮಿಶ್, ಇಸಾಕ್ವಾ, ಕೆಂಟ್, ಹೀಗೆ ಕನ್ನಡದ ಮನೆಗಳಿರುವ ಊರುಗಳೆಲ್ಲ ಅದರಲ್ಲೇ ಬರುತ್ತವೆ. ಒಟ್ಟು 39 ನಗರಗಳು, 20 ಲಕ್ಷಕ್ಕಿಂತ ಹೆಚ್ಚು ಜನ. ಒಂಬತ್ತು ಜನರ ಕೌನ್ಸಿಲ್, ಅದರ ಜೊತೆಗೆ ಒಬ್ಬ ಎಕ್ಸಿಕ್ಯುಟಿವ್. ಎಲ್ಲರೂ ಚುನಾಯಿತರು. 2025ರ ನವೆಂಬರ್‌ನಲ್ಲಿ ಎಕ್ಸಿಕ್ಯುಟಿವ್ ಸ್ಥಾನಕ್ಕೆ ಗೆದ್ದ ಗಿರ್ಮಾಯ್ ಜಹಿಲಾಯ್ ಇಥಿಯೋಪಿಯಾದ ನಿರಾಶ್ರಿತರ ಮಗ, ಹುಟ್ಟಿದ್ದು ಸುಡಾನ್‌ನಲ್ಲಿ. ಚಿಕ್ಕ ಮಗುವಾಗಿದ್ದಾಗ ಸಿಯಾಟಲ್‌ಗೆ ಬಂದವರು.

ಈ ಕೌಂಟಿಯ ಹೆಸರಿಗೂ ಒಂದು ಕಥೆ ಇದೆ. 1852ರಲ್ಲಿ ಹೆಸರಿಟ್ಟಾಗ ಅದು ವಿಲಿಯಂ ರೂಫಸ್ ಕಿಂಗ್ ಎಂಬ ರಾಜಕಾರಣಿಯ ನೆನಪಿಗೆ. ಆತ ಗುಲಾಮರನ್ನು ಇಟ್ಟುಕೊಂಡಿದ್ದವನು. 1986ರಲ್ಲಿ ಕೌನ್ಸಿಲ್ ಒಂದು ನಿರ್ಣಯ ಮಾಡಿತು: ಹೆಸರು "ಕಿಂಗ್" ಎಂದೇ ಇರಲಿ, ಆದರೆ ಇನ್ನು ಮುಂದೆ ಅದು ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರು. ಪರ 5 ಮತ, ವಿರುದ್ಧ 4. ಒಂದೇ ಒಂದು ಮತ ಆ ಕಡೆ ಹೋಗಿದ್ದರೆ ಆ ನಿರ್ಣಯ ಬಿದ್ದುಹೋಗುತ್ತಿತ್ತು. ರಾಜ್ಯದ ಕಾನೂನಿನಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2005ರಲ್ಲಿ.

ಈಗ ಯಾರ ಕೆಲಸ ಏನು ಎಂದು ಬಿಡಿಸಿಕೊಳ್ಳೋಣ. ನಿಮ್ಮ ಶಾಲೆ ಕೌಂಟಿಯದಲ್ಲ, ಸ್ಕೂಲ್ ಡಿಸ್ಟ್ರಿಕ್ಟ್‌ನದು. ಹೆಸರಲ್ಲಿ ಕಿಂಗ್ ಕೌಂಟಿ ಇದ್ದರೂ ಲೈಬ್ರರಿ ಬೇರೆಯದೇ ಸಂಸ್ಥೆ. ಕೌಂಟಿ ನಡೆಸುವುದು ಸಾರ್ವಜನಿಕ ಆರೋಗ್ಯ ಇಲಾಖೆ, ಮೆಟ್ರೋ ಬಸ್ಸು, ಚುನಾವಣೆ, ಸಮಾಜ ಸೇವೆಯ ಇಲಾಖೆ, ಬಂಧನಗೃಹ ಇಂಥವನ್ನು. ಸುಪೀರಿಯರ್ ಕೋರ್ಟ್ ಕೂಡ ಕೌಂಟಿಯ ಮಟ್ಟದ್ದೇ. ನೀವು ದುಡ್ಡು ಕೊಡದೆ ಹತ್ತುವ ಬಸ್ಸು ಕೌಂಟಿಯದು. 2022ರ ಸೆಪ್ಟೆಂಬರ್‌ನಿಂದ 18 ವರ್ಷದವರೆಗಿನವರಿಗೆಲ್ಲ ಮೆಟ್ರೋದಲ್ಲಿ ಟಿಕೆಟ್ ಇಲ್ಲ. ಅದರ ಹಿಂದೆ ರಾಜ್ಯ ಸರ್ಕಾರದ ಹಣವಿದೆ. ಒಬ್ಬರು ಹಣ ಕೊಡುವುದು, ಇನ್ನೊಬ್ಬರು ಓಡಿಸುವುದು, ಇಲ್ಲಿ ಬಹಳಷ್ಟು ಕೆಲಸ ಹೀಗೇ ನಡೆಯುತ್ತದೆ.

ಇನ್ನು ಮಕ್ಕಳ ಹಣಕ್ಕೆ ಬರೋಣ. ವಾಷಿಂಗ್ಟನ್ ರಾಜ್ಯದಲ್ಲಿ ಸಂಬಳದ ಮೇಲೆ ರಾಜ್ಯದ ತೆರಿಗೆ ಇಲ್ಲ. ಹಾಗಾಗಿ ಕೌಂಟಿಗೆ ಪ್ರಾಪರ್ಟಿ ಟ್ಯಾಕ್ಸ್ ಬಹಳ ಮುಖ್ಯ. ಆದರೆ ರಾಜ್ಯದ ನಿಯಮದ ಪ್ರಕಾರ, ಹೊಸ ಕಟ್ಟಡಗಳಿಂದ ಬರುವುದನ್ನು ಬಿಟ್ಟರೆ, ಆ ತೆರಿಗೆಯ ಒಟ್ಟು ವಸೂಲಿಯನ್ನು ವರ್ಷಕ್ಕೆ ಶೇಕಡಾ 1ಕ್ಕಿಂತ ಹೆಚ್ಚಿಸುವಂತಿಲ್ಲ. ಜನಸಂಖ್ಯೆ, ಸಂಬಳ, ಔಷಧಿ ಬೆಲೆ ಎಲ್ಲ ಅದಕ್ಕಿಂತ ಜೋರಾಗಿ ಏರುತ್ತವೆ. ಆಗ ಮೊದಲು ಕತ್ತರಿ ಬೀಳುವುದು ಕಾನೂನು ಕಡ್ಡಾಯ ಮಾಡದ ಕೆಲಸಗಳಿಗೆ. ಕೋರ್ಟು, ಜೈಲು ನಡೆಸಲೇಬೇಕು. ಮಗುವಿಗೆ ಕಷ್ಟ ಬರುವ ಮುಂಚೆಯೇ ಕೈ ಹಿಡಿಯುವ ಕೆಲಸ ಮಾಡದಿದ್ದರೂ ಯಾರೂ ಕೇಸು ಹಾಕುವುದಿಲ್ಲ. ಮಿತಿಗಿಂತ ಹೆಚ್ಚು ಹಣ ಬೇಕಾದರೆ ಕೌಂಟಿ ಮತದಾರರನ್ನೇ ಕೇಳಬೇಕು. ಹಾಗೆ ಮತದಾರರು ಒಪ್ಪಿದ ವಿಶೇಷ ತೆರಿಗೆಯನ್ನು ಲೆವಿ ಅನ್ನುತ್ತಾರೆ.

2015ರ ನವೆಂಬರ್‌ನಲ್ಲಿ ಕಿಂಗ್ ಕೌಂಟಿ ಹಾಗೆ ಕೇಳಿತು. ಯೋಜನೆಯ ಹೆಸರು ಬೆಸ್ಟ್ ಸ್ಟಾರ್ಟ್ಸ್ ಫಾರ್ ಕಿಡ್ಸ್. ಮನೆಯ ಬೆಲೆಯ ಪ್ರತಿ 1,000 ಡಾಲರಿಗೆ 14 ಸೆಂಟ್ ತೆರಿಗೆ, ಆರು ವರ್ಷಕ್ಕೆ. ಮತದಾರರು ಒಪ್ಪಿದರು. 2021ರ ಆಗಸ್ಟ್‌ನಲ್ಲಿ ಮತ್ತೆ ಕೇಳಿದಾಗ 19 ಸೆಂಟಿಗೆ ಒಪ್ಪಿದರು, 2022ರಿಂದ 2027ರವರೆಗೆ. ಲೆಕ್ಕ ಹಾಕಿ ನೋಡಿ. 2022ರಲ್ಲಿ ಕೌಂಟಿಯ ಲೆಕ್ಕದಲ್ಲಿ 8 ಲಕ್ಷ ಡಾಲರ್ ಬೆಲೆಯ ಮನೆಗೆ ವರ್ಷಕ್ಕೆ 152 ಡಾಲರ್, ಅಂದರೆ ತಿಂಗಳಿಗೆ 13 ಡಾಲರಿಗೂ ಕಡಿಮೆ. ಬಾಡಿಗೆ ಮನೆಯಲ್ಲಿ ಇದ್ದೀರಾದರೆ ಓನರ್ ಅದನ್ನು ಬಾಡಿಗೆಗೆ ಸೇರಿಸಿರಬಹುದು. ಮನೆಮನೆಯ ಇಷ್ಟಿಷ್ಟೇ ಸೇರಿ ಮೊದಲ ಆರು ವರ್ಷಕ್ಕೆ ಸುಮಾರು 40 ಕೋಟಿ ಡಾಲರ್ ಎಂದು ಅಂದಾಜು ಮಾಡಿದ್ದರು. ಎರಡನೆಯ ಸಲದ ಅಂದಾಜು ಅದರ ಎರಡರಷ್ಟಕ್ಕಿಂತಲೂ ಹೆಚ್ಚು.

ಮೊದಲ ಲೆವಿಯಲ್ಲಿ ಹಣ ಹಂಚಿದ ಕ್ರಮ ನೋಡಿದರೆ ಯೋಚನೆ ಏನೆಂದು ಗೊತ್ತಾಗುತ್ತದೆ. ಮನೆಯಿಲ್ಲದಂತಾಗುವ ಅಪಾಯದಲ್ಲಿರುವ ಯುವಕರು ಮತ್ತು ಕುಟುಂಬಗಳಿಗೆ ಒಂದು ಮೊತ್ತ ಮೊದಲೇ ತೆಗೆದಿಟ್ಟರು. ಉಳಿದದ್ದರಲ್ಲಿ ಶೇಕಡಾ 50 ಗರ್ಭದಿಂದ 5 ವರ್ಷದವರೆಗಿನ ಮಕ್ಕಳಿಗೆ. ಶೇಕಡಾ 35 ಐದರಿಂದ 24 ವರ್ಷದವರೆಗಿನವರಿಗೆ. ಹೌದು, 24ರವರೆಗೆ. ಕಾಲೇಜಿಗೆ ಹೋದ ನಿಮ್ಮ ಅಕ್ಕ ಅಣ್ಣನೂ ಅದರಲ್ಲಿ ಸೇರಿದರು. ಶೇಕಡಾ 10 ಹಿಂದುಳಿದ ಬಡಾವಣೆಗಳಿಗೆ, ಶೇಕಡಾ 5 ಕೆಲಸದಿಂದ ಉಪಯೋಗ ಆಯಿತೋ ಇಲ್ಲವೋ ಎಂದು ಅಳೆಯುವುದಕ್ಕೆ.

ಇದು ಮನೆಬಾಗಿಲಿಗೆ ಹೇಗೆ ಬರುತ್ತದೆ? ಮೂರು ಉದಾಹರಣೆ ಹೇಳುತ್ತೇನೆ.

ಒಂದು, ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜಿ ತಾತ. ಊರಿಂದ ಆರು ತಿಂಗಳಿಗೆ ಬಂದು, ಬೆಳಗಿಂದ ಸಂಜೆವರೆಗೆ ಮಗುವಿನ ಜೊತೆ ಒಬ್ಬರೇ ಇರುವವರನ್ನು ನೀವು ಕಂಡಿದ್ದೀರಿ. ಡೇಕೇರ್ ಬಿಟ್ಟು ಅಜ್ಜಿಯೋ ಅತ್ತೆಯೋ ಪಕ್ಕದ ಮನೆಯವರೋ ಮಗು ನೋಡಿಕೊಳ್ಳುವುದು ನಮ್ಮಲ್ಲಿ ಮಾತ್ರ ಅಲ್ಲ, ಸೊಮಾಲಿ, ಚೀನೀ, ಮೆಕ್ಸಿಕನ್ ಮನೆಗಳಲ್ಲೂ ಇದೆ. ಅಂಥವರಿಗೆಂದೇ ಪ್ಲೇ ಅಂಡ್ ಲರ್ನ್ ಎಂಬ ಗುಂಪುಗಳು ಕಿಂಗ್ ಕೌಂಟಿಯಲ್ಲಿ ನಡೆಯುತ್ತವೆ. ಲೈಬ್ರರಿಯಲ್ಲೋ ಸಮುದಾಯ ಭವನದಲ್ಲೋ ಮಕ್ಕಳು ಆಡುತ್ತವೆ, ನೋಡಿಕೊಳ್ಳುವವರು ಜೊತೆಯಲ್ಲೇ ಕೂರುತ್ತಾರೆ. ಫೀಸಿಲ್ಲ. ಹಲವು ಭಾಷೆಗಳಲ್ಲಿ ನಡೆಸುತ್ತಾರೆ. ಅಜ್ಜಿಗೆ ಇದನ್ನು ಕನ್ನಡದಲ್ಲಿ ಹೇಳಿ, ಮೊದಲ ದಿನ ಜೊತೆಗೆ ಹೋಗಿ ಕೂರಿಸಿ ಬರುವ ಕೆಲಸ ನಿಮ್ಮದು. ಆಕೆಗೆ ಅಂಗನವಾಡಿ ಗೊತ್ತಿರುತ್ತದೆ. 1975ರ ಅಕ್ಟೋಬರ್ 2ರಂದು ಭಾರತದಲ್ಲಿ ಆ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆರಿಸಿದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲ್ಲೂಕನ್ನು. "ಸರ್ಕಾರದ ಹಣದಲ್ಲಿ ಚಿಕ್ಕ ಮಕ್ಕಳ ಗುಂಪು" ಎಂದರೆ ಅಜ್ಜಿಗೆ ನಿಮಗಿಂತ ಬೇಗ ಅರ್ಥವಾಗುತ್ತದೆ.

ಎರಡು, ತಡವಾಗುವ ಮಾತು, ತಡವಾಗುವ ನಡಿಗೆ. "ಅವನ ಅಪ್ಪನೂ ಮೂರು ವರ್ಷದವರೆಗೆ ಮಾತಾಡಿರಲಿಲ್ಲ" ಎಂದು ನಮ್ಮ ಮನೆಗಳಲ್ಲಿ ಹೇಳುವುದುಂಟು. ಕೆಲವು ಸಲ ಅದು ನಿಜ. ಕೆಲವು ಸಲ ಮಗುವಿಗೆ ಕಿವಿ ಸರಿಯಾಗಿ ಕೇಳಿಸುತ್ತಿರುವುದಿಲ್ಲ. ಮೂರು ವರ್ಷದೊಳಗಿನ ಮಕ್ಕಳ ಬೆಳವಣಿಗೆ ತಡವಾದರೆ ಪರೀಕ್ಷಿಸಿ, ಥೆರಪಿ ಕೊಡುವ ವ್ಯವಸ್ಥೆ ದೇಶದ ಕಾನೂನಿನಲ್ಲೇ ಇದೆ. ಕಿಂಗ್ ಕೌಂಟಿಯಲ್ಲಿ ಅದನ್ನು ನಡೆಸಲು ಕೌಂಟಿ ಹಣ ಸೇರಿಸುತ್ತದೆ. ಪರೀಕ್ಷೆ ಬೇಗ ಆದಷ್ಟೂ ಒಳ್ಳೆಯದು. ಮೂರು ವರ್ಷ ತುಂಬಿದ ಮೇಲೆ ಆ ಜವಾಬ್ದಾರಿ ಸ್ಕೂಲ್ ಡಿಸ್ಟ್ರಿಕ್ಟ್‌ಗೆ ಹೋಗುತ್ತದೆ.

ಮೂರು, ನಿಮ್ಮದೇ ವಯಸ್ಸಿನವರ ಮನಸ್ಸು. ಕೌಂಟಿಯ ಕೆಲವು ಮಿಡ್ಲ್ ಸ್ಕೂಲು, ಹೈಸ್ಕೂಲುಗಳಲ್ಲಿ ಟ್ಯಾಬ್ಲೆಟ್ ಕೈಗೆ ಕೊಟ್ಟು ನಿದ್ದೆ, ಭಯ, ದುಃಖ, ಮದ್ಯ, ಗಾಂಜಾ ಇವುಗಳ ಬಗ್ಗೆ ಪ್ರಶ್ನೆ ಕೇಳುತ್ತಾರೆ. ಆಮೇಲೆ ಬೇಕಾದವರನ್ನು ಕೌನ್ಸಿಲರ್ ಕರೆದು ಮಾತಾಡಿಸುತ್ತಾರೆ. ಅದರ ಹಣ ಈ ಲೆವಿಯಿಂದ ಬಂದದ್ದು. "ಜನ ಏನಂದುಕೊಳ್ಳುತ್ತಾರೆ" ಎಂಬ ಮಾತು ಎಷ್ಟು ಭಾರವೆಂದು ನಿಮಗೆ ನಾನು ಹೇಳಬೇಕಿಲ್ಲ. ನೂರಕ್ಕೆ 97 ಬಂದರೂ ಉಳಿದ ಮೂರು ಎಲ್ಲಿ ಎಂದು ಕೇಳುವ ಮನೆಗಳಲ್ಲಿ, ನಿದ್ದೆ ಬರುತ್ತಿಲ್ಲ ಎಂದು ಹೇಳಲು ಧೈರ್ಯ ಬೇಕು. ಆ ಪ್ರಶ್ನಾವಳಿಯಲ್ಲಿ ನಿಜ ಬರೆಯಿರಿ. ಇನ್ನೊಂದು ವಿಷಯವೂ ತಿಳಿದಿರಲಿ: ವಾಷಿಂಗ್ಟನ್ ರಾಜ್ಯದಲ್ಲಿ 13 ವರ್ಷ ತುಂಬಿದವರು ಆಸ್ಪತ್ರೆಗೆ ಸೇರದೆ ಪಡೆಯುವ ಮಾನಸಿಕ ಚಿಕಿತ್ಸೆಗೆ ತಾವೇ ಒಪ್ಪಿಗೆ ಕೊಡಬಹುದು.

ಲೆವಿಯ ಹೊರಗೂ ಈ ಕೌಂಟಿಯಿಂದ ಹುಟ್ಟಿದ ಒಂದು ಒಳ್ಳೆಯ ಕೆಲಸವಿದೆ. ತಂದೆತಾಯಿಯಿಂದ ತೊಂದರೆಗೊಳಗಾದ ಮಗುವನ್ನು ಮನೆಯಿಂದ ಹೊರಗೆ ಕರೆದೊಯ್ಯುವುದು ರಾಜ್ಯದ ಇಲಾಖೆಯಾದರೂ, 72 ಗಂಟೆಯೊಳಗೆ ಆ ವಿಷಯ ಕೌಂಟಿಯ ಕೋರ್ಟಿನ ಮುಂದೆ ಬರಬೇಕು. 1970ರ ದಶಕದಲ್ಲಿ ಅಲ್ಲಿ ಡೇವಿಡ್ ಸೌಕಪ್ ಎಂಬ ನ್ಯಾಯಾಧೀಶರಿದ್ದರು. ಮಗುವನ್ನು ಮನೆಗೆ ಕಳಿಸಬೇಕೋ ಬೇಡವೋ ಎಂದು ಅವರು ಬರೀ ಫೈಲು ನೋಡಿ ತೀರ್ಮಾನಿಸಬೇಕಿತ್ತು. ತಂದೆತಾಯಿಯ ಪರ ವಕೀಲರಿದ್ದಾರೆ, ಸರ್ಕಾರದ ಪರ ವಕೀಲರಿದ್ದಾರೆ, ಮಗುವನ್ನು ಕಂಡು ಮಾತಾಡಿಸಿ ಬಂದು ಹೇಳುವವರು ಯಾರು? ಸಾಮಾನ್ಯ ಜನರನ್ನೇ ಕೇಳೋಣವೆಂದು ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಸಭೆ ಕರೆದರು. ನಾಲ್ಕೈದು ಜನ ಬಂದಾರು ಎಂದುಕೊಂಡಿದ್ದರಂತೆ. ಬಂದವರು ಸುಮಾರು 50. ಹೀಗೆ 1977ರಲ್ಲಿ ಶುರುವಾದದ್ದು ಕಾಸಾ ಎಂಬ ಸ್ವಯಂಸೇವಕರ ವ್ಯವಸ್ಥೆ. ಇವತ್ತು ಅಮೆರಿಕದ ಬಹುತೇಕ ಎಲ್ಲ ರಾಜ್ಯಗಳಲ್ಲೂ ಅದು ಇದೆ. ತರಬೇತಿ ಪಡೆದು, ಒಂದು ಮಗುವಿನ ಕೇಸನ್ನು ಕೈಗೆ ತೆಗೆದುಕೊಂಡು, ಅದನ್ನು ಆಗಾಗ ಭೇಟಿಯಾಗಿ, ಕಂಡದ್ದನ್ನು ಕೋರ್ಟಿಗೆ ಬರೆದುಕೊಡುವುದು ಅವರ ಕೆಲಸ. ಸಾಮಾನ್ಯವಾಗಿ 21 ವರ್ಷ ತುಂಬಿರಬೇಕು. ವಕೀಲರಾಗಿರಬೇಕಿಲ್ಲ.

ಇಷ್ಟು ಹೇಳಿ ಕೌಂಟಿಗೆ ಆರತಿ ಎತ್ತಿ ಮುಗಿಸಿದರೆ ಅರ್ಧ ಸತ್ಯವಾಗುತ್ತದೆ. ಇದೇ ಕೌಂಟಿ ಅಪರಾಧದ ಆರೋಪವಿರುವ ಮಕ್ಕಳನ್ನು ಕೂಡಿಹಾಕುವ ಬಂಧನಗೃಹವನ್ನೂ ನಡೆಸುತ್ತದೆ. ಅದಕ್ಕೆ ಹೊಸ ಕಟ್ಟಡ ಬೇಕೆಂದು 2012ರಲ್ಲಿ ಮತದಾರರೇ ತೆರಿಗೆ ಒಪ್ಪಿದ್ದರು. ಕಟ್ಟುವಷ್ಟರಲ್ಲಿ ವಿರೋಧ ಜೋರಾಯಿತು. ಮಕ್ಕಳಿಗೆ ಜೈಲು ಯಾಕೆ ಎಂದು ಜನ ಬೀದಿಗೆ ಬಂದರು. ಕಟ್ಟಡ 2020ರಲ್ಲಿ ತೆರೆಯಿತು. ಅದೇ ವರ್ಷ ಆಗಿನ ಎಕ್ಸಿಕ್ಯುಟಿವ್ ಡೌ ಕಾನ್ಸ್ಟಂಟೀನ್ 2025ರೊಳಗೆ ಮಕ್ಕಳ ಬಂಧನವನ್ನು ನಿಲ್ಲಿಸುತ್ತೇವೆ ಎಂದರು. 2025 ಬಂತು, ಬಂಧನ ನಿಲ್ಲಲಿಲ್ಲ. ಗಂಭೀರ ಅಪರಾಧಗಳಿಗೆ ಸಿಕ್ಕಿಬಿದ್ದವರನ್ನು ಬೇರೆಲ್ಲಿ ಇಡುವುದು ಎಂಬ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರ ಸಿಗಲಿಲ್ಲ.

ಹಣದ ಲೆಕ್ಕದಲ್ಲೂ ತೊಡಕಿದೆ. ಚಿಕ್ಕ ಚಿಕ್ಕ ಸಮುದಾಯ ಸಂಸ್ಥೆಗಳಿಗೆ ಹಣ ತಲುಪಬೇಕು ಎನ್ನುವುದು ಒಳ್ಳೆಯ ಆಸೆ. ಜನರ ಭಾಷೆ ಗೊತ್ತಿರುವವರು ಅವರೇ. ಆದರೆ ಅಷ್ಟು ವೇಗವಾಗಿ ಅನುದಾನ ಹೆಚ್ಚಿದಾಗ ಲೆಕ್ಕ ನೋಡುವ ವ್ಯವಸ್ಥೆ ಹಿಂದೆ ಬಿತ್ತು. 2025ರ ಆಗಸ್ಟ್‌ನಲ್ಲಿ ಕೌಂಟಿಯ ಆಡಿಟರ್ ಕಚೇರಿ ಸಮಾಜ ಸೇವೆಯ ಇಲಾಖೆ ಕೊಟ್ಟ ಅನುದಾನಗಳನ್ನು ಪರಿಶೀಲಿಸಿ, ಮೇಲ್ವಿಚಾರಣೆ ಸಾಲದು, ಕೆಲವು ಪಾವತಿಗಳು ಅನುಮಾನ ಹುಟ್ಟಿಸುತ್ತವೆ ಎಂದು ವರದಿ ಕೊಟ್ಟಿತು. ಇದನ್ನು ಕೇಳಿ "ಎಲ್ಲ ಕಳ್ಳರೇ" ಎಂದು ಎದ್ದುಹೋಗುವುದು ಸುಲಭ. ಆ ವರದಿ ಬರೆದವರೂ ಕೌಂಟಿಯವರೇ, ಅದನ್ನು ಬಚ್ಚಿಡದೆ ಎಲ್ಲರೂ ಓದುವಂತೆ ಇಟ್ಟವರೂ ಅವರೇ ಎನ್ನುವುದನ್ನೂ ಗಮನಿಸಿ. ಪ್ರಶ್ನೆ ಕೇಳುವವರು ಇದ್ದರೆ ಮುಂದಿನ ಸಲ ಲೆಕ್ಕ ಬಿಗಿಯಾಗುತ್ತದೆ.

ಹಾಗಾದರೆ ಕೇಳುವವರು ಯಾರು? ನಮ್ಮ ಮನೆಗಳ ವಿಚಿತ್ರ ಪರಿಸ್ಥಿತಿ ನೋಡಿ. ಅಪ್ಪ ಅಮ್ಮ ಹದಿನೈದು, ಇಪ್ಪತ್ತು ವರ್ಷದಿಂದ ಇಲ್ಲಿದ್ದಾರೆ. ಮನೆ ಕೊಂಡಿದ್ದಾರೆ, ಲೆವಿ ಕಟ್ಟುತ್ತಿದ್ದಾರೆ. ಆದರೆ ಭಾರತದಲ್ಲಿ ಹುಟ್ಟಿದವರಿಗೆ ಗ್ರೀನ್ ಕಾರ್ಡಿನ ಸಾಲು ಎಷ್ಟು ಉದ್ದ ಎಂದು ನಿಮಗೆ ಗೊತ್ತು. ಎಚ್-1ಬಿ ಇದ್ದವರಿಗೆ ವೋಟಿಲ್ಲ, ಗ್ರೀನ್ ಕಾರ್ಡ್ ಬಂದವರಿಗೂ ವೋಟಿಲ್ಲ. ಇಲ್ಲಿ ಹುಟ್ಟಿದ ನಿಮಗೆ ಮಾತ್ರ 18ಕ್ಕೆ ಅದು ಬರುತ್ತದೆ. ಇಡೀ ಮನೆಯ ತೆರಿಗೆಗೆ ಒಂದೇ ವೋಟು, ಅದು ಮನೆಯಲ್ಲಿ ಎಲ್ಲರಿಗಿಂತ ಕಿರಿಯವರ ಕೈಯಲ್ಲಿ. ಆ ಕಿರಿಯರು ಆಗಸ್ಟ್ ತಿಂಗಳ ಬ್ಯಾಲೆಟ್ ಕವರನ್ನು ತೆರೆಯದೆ ಫ್ರಿಜ್ ಮೇಲೆ ಇಟ್ಟುಬಿಟ್ಟರೆ ಆ ಮನೆಯ ಅಭಿಪ್ರಾಯ ಯಾರಿಗೂ ತಲುಪುವುದಿಲ್ಲ.

ಈ ಲೆವಿಯ ಅವಧಿ ಮುಗಿಯುವುದು 2027ರ ಕೊನೆಗೆ. ಮುಂದುವರಿಸಬೇಕೆಂದರೆ ಅದಕ್ಕೆ ಮುಂಚೆ ಮತ್ತೆ ಮತದಾರರ ಮುಂದೆ ಬರಬೇಕು. ವಾಷಿಂಗ್ಟನ್ ರಾಜ್ಯದಲ್ಲಿ 16, 17 ವರ್ಷದಲ್ಲೇ ಮುಂಗಡವಾಗಿ ಹೆಸರು ನೋಂದಾಯಿಸಬಹುದು. 18ಕ್ಕೆ ಬ್ಯಾಲೆಟ್ ತಾನಾಗಿ ಮನೆಗೆ ಅಂಚೆಯಲ್ಲಿ ಬರುತ್ತದೆ. ನೀವು ಹೌದು ಎಂದೇ ಹಾಕಬೇಕೆಂದು ನಾನು ಹೇಳುತ್ತಿಲ್ಲ. ಆಡಿಟ್ ವರದಿ ಓದಿ ಬೇಡ ಎಂದು ಹಾಕುವುದಕ್ಕೂ ಕಾರಣ ಇರಬಹುದು. ಬ್ಯಾಲೆಟ್ ಬಂದ ದಿನ ಅಪ್ಪ ಅಮ್ಮನ ಜೊತೆ ಕೂತು, ಅವರಿಗೇನನ್ನಿಸುತ್ತದೆ ಎಂದು ಕೇಳಿ, ಆಮೇಲೆ ನಿಮ್ಮ ತೀರ್ಮಾನ ನೀವೇ ಮಾಡಿ.

ಚಿಕ್ಕವರಿದ್ದಾಗ ಇಲ್ಲಿಗೆ ಬಂದು, ಇನ್ನೂ ಎಚ್-4ನಲ್ಲಿದ್ದು, 21 ತುಂಬಿದರೆ ಮುಂದೇನು ಎಂಬ ಚಿಂತೆಯಲ್ಲಿರುವವರೂ ಇದನ್ನು ಓದುತ್ತಿರಬಹುದು. ನಿಮಗೆ ವೋಟಿಲ್ಲ, ಆದರೆ ಬಾಯಿದೆ. ಕೌನ್ಸಿಲ್ ಸಭೆಯಲ್ಲಿ ಸಾರ್ವಜನಿಕರು ಮಾತಾಡುವ ಹೊತ್ತಿನಲ್ಲಿ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ಕೆಲವೇ ನಿಮಿಷ ಸಿಗುತ್ತದೆ. ಡಿಬೇಟ್ ಮಾಡಿದವರಿಗೆ ಅದು ಸಾಕು. ನಿಮ್ಮ ಜಿಲ್ಲೆಯ ಕೌನ್ಸಿಲ್ ಸದಸ್ಯರಿಗೆ ಒಂದು ಇಮೇಲ್ ಬರೆಯುವುದಕ್ಕೂ ಪೌರತ್ವ ಬೇಕಿಲ್ಲ. ಕರ್ನಾಟಕದ ಹಳ್ಳಿಗಳಲ್ಲಿ ಮಕ್ಕಳ ಗ್ರಾಮ ಸಭೆ ಎಂದು ನಡೆಸುತ್ತಾರೆ, ಕೇಳಿದ್ದೀರಾ? ವೋಟಿಲ್ಲದ ಶಾಲಾಮಕ್ಕಳು ಪಂಚಾಯಿತಿಯವರ ಮುಂದೆ ಎದ್ದು ನಿಂತು, ಶಾಲೆಯಲ್ಲಿ ಶೌಚಾಲಯ ಸರಿಯಿಲ್ಲ, ಬಸ್ಸು ಬರುವುದಿಲ್ಲ ಎಂದು ಕೇಳುತ್ತಾರೆ. ನಿಮ್ಮ ವಯಸ್ಸಿನವರು, ಕೆಲವರು ನಿಮಗಿಂತ ಚಿಕ್ಕವರು.

ನೀವು ಕಿಂಗ್ ಕೌಂಟಿಯಲ್ಲಿ ಇಲ್ಲದಿದ್ದರೆ ಈ ವಾರ ಒಂದು ಕೆಲಸ ಮಾಡಿ. ಮನೆಯ ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲನ್ನು ಅಪ್ಪನ ಹತ್ತಿರ ಕೇಳಿ ತೆಗೆದುಕೊಳ್ಳಿ. ಹಣ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಬಹಳಷ್ಟು ಕಡೆ ಅದರಲ್ಲೇ ಸಾಲು ಸಾಲಾಗಿ ಬರೆದಿರುತ್ತದೆ. ಕೌಂಟಿ ಎಂಬ ಸಾಲು ಹುಡುಕಿ. ಆಮೇಲೆ ಮೂರು ಪ್ರಶ್ನೆ: ನಮ್ಮಲ್ಲಿ ಮಕ್ಕಳ ರಕ್ಷಣೆ ಕೌಂಟಿಯದೋ ರಾಜ್ಯದ್ದೋ? ಮಕ್ಕಳಿಗೆಂದು ಪ್ರತ್ಯೇಕ ತೆರಿಗೆ ಇದೆಯೋ, ಇದ್ದರೆ ಯಾವಾಗ ಮುಗಿಯುತ್ತದೆ? ನಮ್ಮ ಕೌಂಟಿ ಮಂಡಳಿಯ ಸದಸ್ಯರು ಯಾರು? ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ಊಟದ ಹೊತ್ತಿಗೆ ಅದನ್ನು ಅಪ್ಪ ಅಮ್ಮನಿಗೆ ಕನ್ನಡದಲ್ಲಿ ವಿವರಿಸಿ. ಲೆವಿಗೆ, ಆಡಿಟರ್‌ಗೆ ಕನ್ನಡ ಪದ ಹೊಳೆಯದಿದ್ದರೆ ಪರವಾಗಿಲ್ಲ, ಅದೇ ಪದ ಬಳಸಿ, ನಾನೂ ಇಲ್ಲಿ ಹಾಗೇ ಮಾಡಿದ್ದೇನೆ.